ಜೂನ್ ಒಂದರಂದು ಹುಟ್ಟಿದವರು

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಎಲ್ಲ ಮಕ್ಕಳೂ ಒಂದೇ ದಿನ ಹುಟ್ಟಿದ್ದರು. ಜೂನ್ ಒಂದು. ಅಕ್ಕ, ತಂಗಿ, ಕಾಕಾನ ಮಕ್ಕಳು, ಊರ ಗೌಡರ ಮೊಮ್ಮಗ, ಅವರ ಹೊಲಕ್ಕೆ ಕಳೆ ತೆಗೆಯಲು ಹೋಗುವವಳ ಮಗಳು, ಎಲ್ಲರೂ ಜೂನ್ ಒಂದರವರೇ. ಹುಟ್ಟಿನ ವಿಷಯದಲ್ಲಿ ಇಷ್ಟು ಸಮಾನತೆ ಇರುವ ಜಾಗ ಬೇರೆಲ್ಲೂ ಇರಲಿಕ್ಕಿಲ್ಲ ಎಂದು ಗಂಡನಿಗೆ ಹೇಳಿ ನಗುತ್ತಿದ್ದೆ. ಆ ದಿನವನ್ನು ಅವರಿಗೆ ಕೊಟ್ಟವರು ದಾಖಲಾತಿ ರಿಜಿಸ್ಟರ್ ಬರೆಯುತ್ತಿದ್ದ ನಾವು. ಈಗ ಆ ಮಾತಿಗೆ ನನಗೆ ನಗು ಬರುವುದಿಲ್ಲ.

1997ರಲ್ಲಿ, ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, ನನಗೆ ನೌಕರಿ ಸಿಕ್ಕಿತು. ನಾನು ಗಂಗಾವತಿ ಕಡೆಯವಳು, ಕಾಲುವೆ ನೀರು ಕಂಡು ಬೆಳೆದವಳು. ನನ್ನನ್ನು ಹಾಕಿದ್ದು ಕುಷ್ಟಗಿ ತಾಲೂಕಿನ ಒಂದು ಹಳ್ಳಿಗೆ. ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ಬಸ್ಸು ದಿನಕ್ಕೆ ಎರಡು ಸಲ. ಶಾಲೆಯ ಹೆಡ್ ಮಾಸ್ತರು ಮೊದಲ ದಿನವೇ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ವಿದ್ಯೆಯನ್ನು ಹೇಳಿಕೊಟ್ಟರು. ಹುಟ್ಟಿದ ತಾರೀಖಿನ ಕಾಗದ ಯಾರ ಮನೆಯಲ್ಲೂ ಇಲ್ಲ. ಆದ್ದರಿಂದ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಬೇಕು. ಬೆರಳು ಕಿವಿಗೆ ಸಿಕ್ಕರೆ ಆರು ವರ್ಷ, ಸಿಗದಿದ್ದರೆ ಮುಂದಿನ ವರ್ಷ ಬಾ. ಆರು ಕಳೆದು ಇಸವಿ ಬರೆಯಬೇಕು, ತಾರೀಖಿನ ಜಾಗದಲ್ಲಿ ಜೂನ್ ಒಂದು ಹಾಕಬೇಕು. ಶಾಲೆ ಶುರುವಾಗುವ ದಿನವಾದ್ದರಿಂದ ಲೆಕ್ಕ ಸುಲಭ. ನಾನು ಟಿ.ಸಿ.ಎಚ್. ತರಬೇತಿ ಮುಗಿಸಿ ಬಂದ ಹೊಸ ಹುರುಪಿನವಳು, ತಾಯಂದಿರನ್ನೇ ಕೇಳಬಹುದಲ್ಲ ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಸಂಜೆ ಐದರ ಬಸ್ಸು ತಪ್ಪಿದರೆ ಇಲ್ಲೇ ಉಳಿಯಬೇಕಾಗುತ್ತದೆ ಎಂದರು. ಒಂದು ತಿಂಗಳಲ್ಲಿ ನಾನೂ ಕಣ್ಣು ಮುಚ್ಚಿ ಜೂನ್ ಒಂದು ಬರೆಯತೊಡಗಿದೆ.

ಸುಧಾರಣೆ ಬರಲಿಲ್ಲ ಎಂದು ನಾನು ದೂರುವಂತಿಲ್ಲ. ಅದು ಪ್ರತಿ ವರ್ಷ ಜೀಪಿನಲ್ಲಿ ಬಂದೇ ಬರುತ್ತಿತ್ತು. ಒಂದು ವರ್ಷ ಗೋಡೆಗೆ ಬಣ್ಣ ಬಳಿದು ಪ್ರಾಣಿಗಳ ಚಿತ್ರ ಬರೆಸಿದರು. ಇನ್ನೊಂದು ವರ್ಷ ಕಾರ್ಡುಗಳಲ್ಲಿ ಪಾಠ. ಮತ್ತೊಂದು ವರ್ಷ ಹಾಡಿನಲ್ಲಿ ಪಾಠ. ನಾವು ಕೊಪ್ಪಳಕ್ಕೆ ಹೋಗಿ ಹತ್ತು ದಿನ ಕುಣಿದು, ಚಪ್ಪಾಳೆ ತಟ್ಟಿ, ತರಬೇತಿ ಪಡೆದು ಬರುತ್ತಿದ್ದೆವು. ನಾವು ಕುಣಿಯುವ ಹತ್ತು ದಿನ ಮಕ್ಕಳಿಗೆ ಪಾಠ ಇರುತ್ತಿರಲಿಲ್ಲ. ಐದು ತರಗತಿಗಳಿಗೆ ಇದ್ದದ್ದು ಮೂವರು, ಆ ಮೂವರಲ್ಲಿ ಒಬ್ಬರು ಯಾವಾಗಲೂ ಜನಗಣತಿಗೋ ಚುನಾವಣೆಗೋ ಓಡಾಡುತ್ತಿದ್ದರು. ಅದೇ ಕಾಲಕ್ಕೆ ಕುಷ್ಟಗಿಯಲ್ಲಿ ಇಂಗ್ಲಿಷ್ ಶಾಲೆಗಳು ಒಂದರ ಹಿಂದೆ ಒಂದು ಎದ್ದವು. ಊರ ಗೌಡರ ಮೊಮ್ಮಗ ಮೊದಲು ಹೋದ, ಅವನ ಹಿಂದೆ ಕಿರಾಣಿ ಅಂಗಡಿಯವರ ಮಕ್ಕಳು ಹೋದರು. ಹಳದಿ ವ್ಯಾನು ಊರ ಅಗಸಿ ಬಾಗಿಲವರೆಗೆ ಬರತೊಡಗಿತು. ನಮ್ಮಲ್ಲಿ ಉಳಿದವರು ಹೋಗಲಾಗದವರು.

ನನ್ನ ಮಗಳೂ ಅಂಥದೇ ವ್ಯಾನಿನಲ್ಲಿ ಹೋಗುತ್ತಿದ್ದಳು. ಇದನ್ನು ಮುಚ್ಚಿಡುವುದಿಲ್ಲ. ನಾವು ಮನೆ ಮಾಡಿದ್ದು ಕುಷ್ಟಗಿಯಲ್ಲಿ, ಮತ್ತು ನಾನು ಕಲಿಸುವ ಶಾಲೆಗೆ ನನ್ನ ಮಗಳನ್ನು ಕರೆದುಕೊಂಡು ಹೋಗುವ ವಿಚಾರ ನನ್ನ ತಲೆಗೆ ಒಂದು ದಿನವೂ ಬರಲಿಲ್ಲ. ಮೊದಲ ಸಲ ಸೇರಿಸಲು ಹೋದಾಗ ಆ ಶಾಲೆಯವರು ಆಸ್ಪತ್ರೆಯ ಜನನ ಪತ್ರ ನೋಡಿ, ಇಪ್ಪತ್ತು ದಿನ ಕಡಿಮೆ ಬೀಳುತ್ತದೆ, ಮುಂದಿನ ವರ್ಷ ಬನ್ನಿ ಎಂದು ವಾಪಸು ಕಳಿಸಿದರು. ಇಪ್ಪತ್ತು ದಿನಕ್ಕೆ ಇಷ್ಟು ಬಿಗಿ ಯಾಕೆ ಎಂದು ನಾನು ಅಲ್ಲಿ ಜಗಳ ಮಾಡಿ ಬಂದೆ. ಮರುವರ್ಷ, 2004ರಲ್ಲಿ, ಅವಳು ನಾಲ್ಕು ದಾಟಿ ಎಲ್.ಕೆ.ಜಿ. ಸೇರಿದಳು.

ಅದೇ ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ಒಂದು ಮಗು ಕಡಿಮೆ ಬಿತ್ತು. ಮಕ್ಕಳ ಸಂಖ್ಯೆ ಇಷ್ಟಕ್ಕಿಂತ ಇಳಿದರೆ ಒಬ್ಬ ಶಿಕ್ಷಕರನ್ನು ಹೆಚ್ಚುವರಿ ಎಂದು ತೆಗೆದು ಬೇರೆ ಕಡೆ ಹಾಕುತ್ತಾರೆ. ಮೂವರಲ್ಲಿ ಕಿರಿಯಳು ನಾನು. ಯಲಬುರ್ಗಾದ ಆಚೆ ಯಾವುದೋ ಬಸ್ಸಿಲ್ಲದ ಊರಿಗೆ ಹಾಕಿದರೆ ನಾಲ್ಕು ವರ್ಷದ ಮಗಳನ್ನು ನೋಡುವವರು ಯಾರು? ದಾಖಲಾತಿ ಜಾಥಾ ಎಂದು ಮಕ್ಕಳ ಕೈಗೆ ಫಲಕ ಕೊಟ್ಟು ಘೋಷಣೆ ಕೂಗಿಸುತ್ತ ಓಣಿ ಓಣಿ ತಿರುಗಿದೆವು. ಕಡೆಯ ಓಣಿಯಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಒಂದು ಹೆಣ್ಣು ಮಗು ಇಟ್ಟಿಗೆ ಚೂರಿನಿಂದ ಗೆರೆ ಎಳೆಯುತ್ತ ಕೂತಿತ್ತು. ಅದರ ತಾಯಿ ಬುತ್ತಿ ಗಂಟು ಹಿಡಿದು ಕೂಲಿಗೆ ಹೊರಟಿದ್ದಳು.

ಮಗು ಸಣ್ಣದು ಎಂದು ಯಾರಿಗಾದರೂ ಕಾಣುತ್ತಿತ್ತು. ನಾನು ಅದರ ಬಲಗೈ ಹಿಡಿದು ತಲೆಯ ಮೇಲಿಂದ ತಂದೆ. ಬೆರಳು ನೆತ್ತಿಯಿಂದ ಸ್ವಲ್ಪ ಆಚೆಗೆ ಬಂದು ನಿಂತುಬಿಟ್ಟಿತು. ಕಿವಿ ಇನ್ನೂ ದೂರ. ನಾನು ಮೊಣಕೈಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತಲೆಯನ್ನು ಬಾಗಿಸಿ, ಕಿವಿಯನ್ನೇ ಬೆರಳಿನ ಹತ್ತಿರ ತಂದೆ. ಮಗು ಆಟವೆಂದುಕೊಂಡು ಕಿಲಕಿಲ ನಕ್ಕಿತು. ಮುಟ್ಟಿತು ನೋಡಮ್ಮ, ಆರು ವರ್ಷ, ಮಧ್ಯಾಹ್ನ ಬಿಸಿಯೂಟ ಕೊಡುತ್ತೇವೆ, ಸಂಜೆಯವರೆಗೆ ನಾವೇ ನೋಡಿಕೊಳ್ಳುತ್ತೇವೆ ಎಂದೆ. ತಾಯಿಗೆ ಅಷ್ಟೇ ಬೇಕಾಗಿತ್ತು. ರಿಜಿಸ್ಟರಿನಲ್ಲಿ ನಾನೇ ನನ್ನ ಕೈಯಾರೆ ಬರೆದೆ: ಜೂನ್ ಒಂದು, 1998. ಅಕ್ಷರದಲ್ಲಿಯೂ ಬರೆದೆ. ನನ್ನ ಜಾಗ ಉಳಿಯಿತು.

ಮೊದಲ ಕೆಲವು ತಿಂಗಳು ಆ ಹುಡುಗಿ ಊಟವಾದ ಮೇಲೆ ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ನಾನು ಎಬ್ಬಿಸುತ್ತಿರಲಿಲ್ಲ. ಸಣ್ಣವಳೆಂದು ನನ್ನ ಹತ್ತಿರವೇ ಕೂರಿಸಿಕೊಳ್ಳುತ್ತಿದ್ದೆ, ಸ್ವಲ್ಪ ಪಾಪಪ್ರಜ್ಞೆಯೂ ಇತ್ತು ಅನ್ನಿ. ಹತ್ತಿರ ಕೂತು ಕೂತು ಅವಳು ನನ್ನ ಅಕ್ಷರ ಕಲಿತಳು. ನಾನು ‘ಕ’ಕ್ಕೆ ತಲೆಕಟ್ಟು ಸ್ವಲ್ಪ ಮೇಲಕ್ಕೆ ಎಳೆಯುತ್ತೇನೆ, ಒಂಬತ್ತರ ಬಾಲವನ್ನು ಉದ್ದ ಬಿಡುತ್ತೇನೆ. ಅವಳೂ ಹಾಗೆಯೇ. ವರ್ಷದ ಕೊನೆಗೆ ಸ್ಲೇಟು ನೋಡಿದರೆ ನಾನೇ ಬರೆದ ಹಾಗೆ ಇರುತ್ತಿತ್ತು.

ಮರುವರ್ಷ ಅವಳ ತಂದೆತಾಯಿ ಮಂಗಳೂರು ಕಡೆ ಕಟ್ಟಡದ ಕೆಲಸಕ್ಕೆ ಹೋದರು, ಅವಳನ್ನೂ ಕರೆದುಕೊಂಡು. ಎರಡು ವರ್ಷ ಬರಲಿಲ್ಲ. ಅಂಥವರ ಹೆಸರನ್ನು ನಾವು ಹಾಜರಿಯಲ್ಲಿ ಹಾಗೆಯೇ ಉಳಿಸಿಕೊಳ್ಳುತ್ತಿದ್ದೆವು, ಯಾಕೆಂದು ಬೇರೆ ಹೇಳಬೇಕಿಲ್ಲ. ತಿರುಗಿ ಬಂದಾಗ ಎರಡನೇ ತರಗತಿಗೆ ಕೂರಿಸಿದೆವು. ಎರಡು ವರ್ಷ ಕಳೆದುಕೊಂಡರೂ ಅವಳು ಯಾರಿಗಿಂತ ದೊಡ್ಡವಳಾಗಿ ಕಾಣಲಿಲ್ಲ, ಉಳಿದ ಮಕ್ಕಳ ಸರಿಸಮಕ್ಕೆ ಬಂದಿದ್ದಳು ಅಷ್ಟೇ. ಈಗ ಅವಳಿಗೆ ತನ್ನ ವಯಸ್ಸಿಗೆ ತಕ್ಕ ತರಗತಿ ಸಿಕ್ಕಿತು ಎಂದು ನನಗೆ ಸಮಾಧಾನವೂ ಆಯಿತು. ರಿಜಿಸ್ಟರಿನಲ್ಲಿ ಅವಳ ಇನ್ನೊಂದು ವಯಸ್ಸು ಬೆಳೆಯುತ್ತಿದೆ ಎಂಬುದನ್ನು ಪೂರ್ತಿ ಮರೆತುಬಿಟ್ಟೆ.

ಅವಳ ತಲೆ ಎಂಥದು ಎಂದು ಹೇಗೆ ಹೇಳಲಿ. ನಾಲ್ಕನೆಯ ತರಗತಿಯಲ್ಲಿ ಭಾಗಾಕಾರವನ್ನು ನಾನು ಹೇಳಿಕೊಟ್ಟ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ಮಾಡಿ, ಉತ್ತರ ಸರಿ ತಂದು, ನನ್ನನ್ನು ಪೇಚಿಗೆ ಸಿಕ್ಕಿಸುತ್ತಿದ್ದಳು. ಹತ್ತು ವರ್ಷದಲ್ಲಿ ಒಂದು ಸಲ ಅಂಥ ಮಗು ಕೈಗೆ ಬರುತ್ತದೆ.

ಪರೀಕ್ಷೆ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ಒಂದು ಸರ್ಕಾರಿ ವಸತಿ ಶಾಲೆ ಜಿಲ್ಲೆಯಲ್ಲಿತ್ತು. ಆರನೆಯ ತರಗತಿಯಿಂದ ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲಿಯೇ. ನಮ್ಮ ಶಾಲೆಯೂ ಸರ್ಕಾರದ್ದು, ಅದೂ ಸರ್ಕಾರದ್ದು. ಅಲ್ಲಿ ವಿಜ್ಞಾನಕ್ಕೆ ಪ್ರಯೋಗಾಲಯ, ಗಣಿತಕ್ಕೆ ಬೇರೆ ಶಿಕ್ಷಕರು. ನಮ್ಮಲ್ಲಿ ಗಣಿತಕ್ಕೂ ನಾನೇ, ಅಡುಗೆಯವರು ಬಾರದ ದಿನ ಅನ್ನಕ್ಕೂ ನಾನೇ. ಒಳ್ಳೆಯ ಮಕ್ಕಳನ್ನು ಹೆಕ್ಕಿ ಒಳ್ಳೆಯ ಕಡೆಗೆ ಕಳಿಸುವುದು, ಉಳಿದವರನ್ನು ಉಳಿದ ಕಡೆ ಬಿಡುವುದು, ಇದಕ್ಕೆ ಸುಧಾರಣೆ ಎಂದು ಹೆಸರಿಟ್ಟಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಆ ಹುಡುಗಿಯ ಮಟ್ಟಿಗೆ ಇದ್ದದ್ದು ಅದೊಂದೇ ಬಾಗಿಲು, ಆ ಬಾಗಿಲಲ್ಲಿ ಅವಳನ್ನು ಒಳಗೆ ನೂಕಬೇಕೆಂದು ನಾನೇ ಹಟ ಹಿಡಿದೆ. ಐದನೆಯ ತರಗತಿ ಪೂರ್ತಿ, ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಬೇವಿನ ಮರದ ಕೆಳಗೆ ಅವಳಿಗೆ ಪಾಠ. ಉಳಿದ ಮಕ್ಕಳು ಸ್ವಲ್ಪ ಹೊತ್ತು ನಿಂತು ನೋಡಿ ಮನೆಗೆ ಹೋಗುತ್ತಿದ್ದರು. ಅವರನ್ನೂ ಕರೆದು ಕೂರಿಸಿಕೊಳ್ಳಬಹುದಿತ್ತು ಎಂದು ಈಗ ಅನಿಸುತ್ತದೆ.

ಅವಳಿಗೆ ಕಲಿಸುತ್ತಿದ್ದ ಪರೀಕ್ಷೆಯ ಗೈಡು ಪುಸ್ತಕವನ್ನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದರೆ ಅಲ್ಲಿ ನನ್ನ ಮಗಳು. ಅವಳೂ ಆಗ ಐದನೆಯ ತರಗತಿ. ಇವಳೂ ಆ ಪರೀಕ್ಷೆ ಬರೆಯಲಿ, ಅಭ್ಯಾಸವಾಗುತ್ತದೆ ಎಂದು ಗಂಡ ಹೇಳಿದ್ದರು. ಹಳ್ಳಿಯ ಹುಡುಗಿ ಅರ್ಧ ಗಂಟೆಯಲ್ಲಿ ಮುಗಿಸಿದ ಹಾಳೆಯನ್ನು ನನ್ನ ಮಗಳು ಟಿ.ವಿ. ನೋಡುತ್ತ ಎರಡು ದಿನಕ್ಕೆ ಮುಗಿಸುತ್ತಿದ್ದಳು.

ಅರ್ಜಿಯ ಕಾಗದ ಬಂದಾಗ ಕೊನೆಯ ದಿನಕ್ಕೆ ಹತ್ತು ದಿನ ಇತ್ತು. ಹಳೆಯ ಹೆಡ್ ಮಾಸ್ತರು ನಿವೃತ್ತರಾಗಿ ಹೊಸಬರು ಬಂದಿದ್ದರು, ಒಳ್ಳೆಯ ಮನುಷ್ಯ. ಹುಟ್ಟಿದ ತಾರೀಖನ್ನು ಅವರು ರಿಜಿಸ್ಟರ್ ನೋಡಿ ದೃಢೀಕರಿಸಬೇಕಿತ್ತು. ಪುಟ ತೆಗೆದು, ಬೆರಳ ಮೇಲೆ ಎಣಿಸಿ, ಮತ್ತೊಮ್ಮೆ ಎಣಿಸಿ, ಕನ್ನಡಕ ತೆಗೆದಿಟ್ಟರು. ಸೇರುವ ವರ್ಷದ ಜೂನ್ ಒಂದಕ್ಕೆ ಹದಿಮೂರು ತುಂಬಿರಬಾರದು ಎಂದು ನಿಯಮ. ಅವಳಿಗೆ ಸರಿಯಾಗಿ ಅದೇ ದಿನ ಹದಿಮೂರು ತುಂಬುತ್ತಿತ್ತು. ನಾನು ಜೂನ್ ಎರಡು ಎಂದು ಬರೆದಿದ್ದರೂ ಸಾಕಿತ್ತು.

ಅವಳಿಗೆ ಖರೆ ಹನ್ನೊಂದು, ತಪ್ಪು ನನ್ನದು, ತಿದ್ದಿಬಿಡೋಣ ಎಂದು ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ರಿಜಿಸ್ಟರನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟರು.

“ಅಕ್ಕೋರ, ಈ ಪುಸ್ತಕ ನಮ್ಮ ಕೈಯಾಗ ಇರತೈತಿ, ಆದ್ರ ನಮ್ಮದಲ್ರಿ,” ಎಂದರು. “ಕೋರ್ಟಿನಿಂದ ಹುಕುಂ ತರ್ರಿ. ಅವತ್ತ ನಾನ ತಿದ್ತೀನಿ.”

ಮರುದಿನ ರಜೆ ಹಾಕಿ ಕುಷ್ಟಗಿಯ ತಾಲೂಕು ಕಚೇರಿಗೆ ಹೋದೆ. ಜನನ ನೋಂದಣಿ ಇದ್ದರೆ ತನ್ನಿ ಎಂದರು. ಇಲ್ಲ ಎಂದೆ. ಹುಟ್ಟಿದ ಊರಿನಲ್ಲಿ ನೋಂದಣಿ ಇಲ್ಲ ಎಂಬ ಪತ್ರ ತನ್ನಿ, ಪ್ರಮಾಣಪತ್ರ ಮಾಡಿಸಿ, ವಕೀಲರನ್ನು ಹಿಡಿದು ಅರ್ಜಿ ಹಾಕಿ, ಆರು ತಿಂಗಳೋ ವರ್ಷವೋ ಆಗುತ್ತದೆ ಎಂದರು. ಕೂತವರು ಯಾರೂ ಕೆಟ್ಟವರಲ್ಲ. ಒಬ್ಬರು ಚಹಾ ತರಿಸಿಕೊಟ್ಟರು. ತಾವೂ ಜೂನ್ ಒಂದರಂದೇ ಹುಟ್ಟಿದ್ದು ಎಂದು ಹೇಳಿ ನಕ್ಕರು.

ವಾಪಸು ಶಾಲೆಗೆ ಬಂದು ಒಬ್ಬಳೇ ಇದ್ದಾಗ ರಿಜಿಸ್ಟರ್ ತೆರೆದು ಕೂತೆ. ಎಂಟನ್ನು ಒಂಬತ್ತು ಮಾಡಿದರೆ ಆಯಿತು. ಅಕ್ಷರದಲ್ಲಿ ಬರೆದ ಸಾಲಿನ ಮೇಲೆ ಒಂದು ಹನಿ ನೀರು ಬಿದ್ದರೆ ಆಯಿತು. ಪೆನ್ನಿನ ಮುಚ್ಚಳ ತೆಗೆದೆ. ಸಿಕ್ಕಿಬಿದ್ದರೆ ಅಮಾನತು, ಪೇಪರಿನಲ್ಲಿ ಹೆಸರು, ಮಗಳ ಶಾಲೆ, ಮನೆಯ ಕಂತು. ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ನೌಕರಿ ಉಳಿಸಿಕೊಳ್ಳಲು ಬರೆದದ್ದನ್ನು ನೌಕರಿ ಉಳಿಸಿಕೊಳ್ಳಲು ತಿದ್ದದೆ ಬಿಟ್ಟೆ. ಮುಚ್ಚಳ ಹಾಕಿ ಪುಸ್ತಕವನ್ನು ಕಪಾಟಿನಲ್ಲಿಟ್ಟೆ.

ತಾಯಿಯನ್ನು ಕರೆಸಿದೆ. ಕೆಲಸ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದಳು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ರಿಜಿಸ್ಟರನ್ನು ಮತ್ತೆ ತೆಗೆದು ಮೇಜಿನ ಮೇಲೆ ತೆರೆದಿಟ್ಟು, ದಾಖಲೆಯಲ್ಲಿ ವಯಸ್ಸು ಹೆಚ್ಚಾಗಿದೆ, ಅರ್ಜಿ ಹಾಕಲು ಬರುವುದಿಲ್ಲ ಎಂದೆ. ಹೆಚ್ಚು ಮಾಡಿದವರು ಯಾರು ಎಂದು ಹೇಳದೆ ಬಿಟ್ಟೆ.

ತಾಯಿ ನಂಬಲಿಲ್ಲ. ಮಗಳು ಹುಟ್ಟಿದ್ದನ್ನು ಎಳೆ ಎಳೆಯಾಗಿ ಹೇಳಿದಳು. ನವಲಿ ಕಡೆ ಬೇಸಿಗೆ ಬೆಳೆಯ ಭತ್ತದ ನಾಟಿಗೆ ಹೋಗಿದ್ದಾಗ, ಸಂಕ್ರಮಣ ಆದ ನಾಲ್ಕನೆಯ ದಿನ, ಗದ್ದೆಯ ಬದಿಯ ಜೋಪಡಿಯಲ್ಲಿ, ಜೊತೆಗೆ ನಾಟಿಗೆ ಬಂದಿದ್ದ ಹೆಂಗಸರೇ ಹೆರಿಗೆ ಮಾಡಿಸಿದ್ದರು. ಅದಾಗಿ ಹನ್ನೊಂದು ಸಂಕ್ರಮಣ. ನಾನು ಇದನ್ನು ಅವತ್ತು ಗುಡಿಯ ಕಟ್ಟೆಯ ಹತ್ತಿರ ಕೇಳಿದ್ದರೆ ಅವಳು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು. ಆ ಊರಿನಲ್ಲಿ ಎಷ್ಟೋ ತಾಯಂದಿರಿಗೆ ಹೀಗೆ ದಿನ, ಹೊತ್ತು ಸಹಿತ ನೆನಪಿತ್ತು. ನಾವು ಯಾರನ್ನೂ ಕೇಳಿರಲಿಲ್ಲ.

“ಹಡದಾಕಿ ನಾನು ಹೇಳಾಕತ್ತೀನಿ ಅಕ್ಕೋರ, ಹನ್ನೊಂದ ಅಂತ. ನನ್ನ ಮಾತು ನಡೆಯಂಗಿಲ್ಲೇನ್ರಿ?”

ನಡೆಯುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ಎದ್ದಳು. ಮಧ್ಯಾಹ್ನದ ಕೂಲಿಗೆ ತಿರುಗಿ ಹೋಗಬೇಕಿತ್ತು.

ಹುಡುಗಿ ಹೋಗಲಿಲ್ಲ. ಮೇಜಿನ ಹತ್ತಿರ ಬಂದು, ತೆರೆದೇ ಇದ್ದ ರಿಜಿಸ್ಟರಿನಲ್ಲಿ ತನ್ನ ಹೆಸರು ಹುಡುಕಿ, ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಓದಿ ಮುಗಿದ ಮೇಲೂ ಬೆರಳು ಅಲ್ಲಿಯೇ ಇತ್ತು.

“ಇವು ನಿಮ್ಮ ಅಕ್ಷರ ಅದಾವಲ್ರಿ ಅಕ್ಕೋರ,” ಎಂದಳು.

ಹೌದು ಎಂದೆ. ಅವಳು ಬೆರಳು ತೆಗೆದು ಹೊರಗೆ ಹೋದಳು. ಬೈದಿದ್ದರೆ, ಅತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಂದು ಸಂಜೆ ಬೇವಿನ ಮರದ ಕೆಳಗೆ ಅವಳು ಬರಲಿಲ್ಲ, ನಾನೂ ಕರೆಯಲಿಲ್ಲ. ಐದರ ಬಸ್ಸು ಹತ್ತಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ನನ್ನ ಮಗಳು ಪರೀಕ್ಷೆ ಬರೆದಳು. ಆಯ್ಕೆಯಾಗಲಿಲ್ಲ. ಪರೀಕ್ಷೆಯ ದಿನ ಹೊರಗೆ ಬಂದು ಐಸ್‌ಕ್ರೀಮ್ ಕೇಳಿದಳು, ಕೊಡಿಸಿದೆವು. ಮರುದಿನ ಎಂದಿನಂತೆ ವ್ಯಾನು ಬಂತು, ಹತ್ತಿ ಹೋದಳು. ಅವಳಿಗೆ ಆ ಪರೀಕ್ಷೆ ಈಗ ನೆನಪೂ ಇಲ್ಲ.

ಅಷ್ಟರಲ್ಲಿ ನಮ್ಮ ಶಾಲೆಗೆ ಆರು, ಏಳನೆಯ ತರಗತಿಗಳೂ ಬಂದಿದ್ದವು, ಹಳ್ಳಿಯ ಹುಡುಗಿ ನಮ್ಮಲ್ಲಿಯೇ ಏಳನೆಯ ತರಗತಿಯವರೆಗೆ ಓದಿದಳು. ಕೋರ್ಟಿಗೆ ಅರ್ಜಿ ಹಾಕಿಸುತ್ತೇನೆ ಎಂದು ನಾನು ಎರಡು ಸಲ ವಕೀಲರ ಹತ್ತಿರ ಹೋಗಿದ್ದುಂಟು. ಪರೀಕ್ಷೆಯ ವಯಸ್ಸೇ ಮುಗಿದ ಮೇಲೆ ಅದರಿಂದ ಏನು ಎಂದು ನಾನೇ ಕೈಬಿಟ್ಟೆ. ಅದು ಮುಂದೆ ಬೇರೆ ಯಾವುದಕ್ಕೆ ಬೇಕಾಗಬಹುದು ಎಂಬುದು ಆಗ ಹೊಳೆಯಲಿಲ್ಲ. ಹೈಸ್ಕೂಲಿಗೆ ಅವಳು ಏಳು ಕಿಲೋಮೀಟರ್ ನಡೆದು ಹೋಗುತ್ತಿದ್ದಳು ಎಂದು ಕೇಳಿದೆ. ಅಷ್ಟರಲ್ಲಿ ನನಗೆ ಕುಷ್ಟಗಿಯ ಹತ್ತಿರದ ಶಾಲೆಗೆ ವರ್ಗವಾಗಿತ್ತು. ಎಸ್ಸೆಸ್ಸೆಲ್ಸಿ ಪಾಸಾದಾಗ ಒಂದು ಸಲ ಬಂದು ಪೇಡೆ ಕೊಟ್ಟು ಹೋದಳು. ಕಾಲೇಜಿಗೆ ಹೋಗಬೇಕೆಂದಿದ್ದಳು. ನಾನು ಆಗಲಿ ಆಗಲಿ ಎಂದೆ.

ಅದಾದ ಕೆಲವೇ ದಿನಕ್ಕೆ, 2016ರ ಮೇ ತಿಂಗಳ ಕೊನೆಗೆ, ಅವಳ ತಾಯಿ ಲಗ್ನಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದಳು. ಜೂನ್ ಐದಕ್ಕೆ ಮದುವೆ. ಹುಡುಗಿಗೆ ಹದಿನಾರು ದಾಟಿ ನಾಲ್ಕೂವರೆ ತಿಂಗಳು ಎಂದು ನನಗೆ ಗೊತ್ತಿತ್ತು, ಏಕೆಂದರೆ ಸಂಕ್ರಮಣದಿಂದ ಎಣಿಸುವುದನ್ನು ಆಕೆಯಿಂದಲೇ ಕಲಿತಿದ್ದೆ. ಇಷ್ಟು ಬೇಗ ಯಾಕೆ ಎಂದು ಕೇಳಿದೆ. ಹುಡುಗ ಒಳ್ಳೆಯವನು, ದಿನಾ ಏಳು ಕಿಲೋಮೀಟರ್ ನಡೆಯುವ ಹುಡುಗಿಯ ಬಗ್ಗೆ ಊರವರು ಆಡಿಕೊಳ್ಳುತ್ತಾರೆ, ನಾವು ಮತ್ತೆ ಮಂಗಳೂರಿಗೆ ಹೋಗುವವರು, ಇವಳನ್ನು ಯಾರ ಕೈಯಲ್ಲಿ ಬಿಡುವುದು ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಹೋದ ಮೇಲೆ ನಾನು ಬಾಲ್ಯವಿವಾಹ ತಡೆಯುವವರಿಗೆ ಫೋನು ಮಾಡಿದೆ. ಈ ಸಲ ಏನನ್ನೂ ಮುಚ್ಚಿಡದೆ ನನ್ನ ಹೆಸರು, ಹುದ್ದೆ ಎಲ್ಲ ಹೇಳಿದೆ.

ಅವರು ಮದುವೆಯ ಹಿಂದಿನ ದಿನ ಬಂದರು, ನನ್ನನ್ನೂ ಬರಹೇಳಿದ್ದರು. ಚಪ್ಪರದ ಕೆಳಗೆ ಒಬ್ಬ ಅಧಿಕಾರಿ, ಒಬ್ಬ ಪೊಲೀಸ್. ಹುಡುಗಿ ಒಳಬಾಗಿಲ ಹತ್ತಿರ ಅರಿಶಿನದ ಕೈಗಳನ್ನು ಮುಂದೆ ಹಿಡಿದು ಕೂತಿದ್ದಳು. ತಾಯಿ ಒಳಗಿನಿಂದ ಪ್ಲಾಸ್ಟಿಕ್ ಚೀಲ ತಂದು, ಅದರೊಳಗಿಂದ ಶಾಲೆಯ ವರ್ಗಾವಣೆ ಪತ್ರ ತೆಗೆದುಕೊಟ್ಟಳು. ಏಳನೆಯ ತರಗತಿ ಮುಗಿದಾಗ ನಾನೇ ಬರೆದುಕೊಟ್ಟದ್ದು, ಹೈಸ್ಕೂಲಿಗೆ ಕೊಡುವ ಮೊದಲು ತೆಗೆಸಿಟ್ಟುಕೊಂಡ ಪ್ರತಿ. ಒಂದು ಮಡಿಕೆಯೂ ಬೀಳದಂತೆ ಇಟ್ಟಿದ್ದರು. ಅಧಿಕಾರಿ ಓದಿ, ಹದಿನೆಂಟು ತುಂಬಿ ಮೂರು ದಿನವಾಗಿದೆ ಎಂದರು.

ಅದು ಸುಳ್ಳು ಎಂದೆ. ಬರೆದವಳು ನಾನೇ, ಕೈ ಒತ್ತಿ ಕಿವಿ ಮುಟ್ಟಿಸಿದವಳು ನಾನೇ, ಅವಳು ನವಲಿ ಕಡೆ ನಾಟಿಯ ಕಾಲಕ್ಕೆ ಹುಟ್ಟಿದವಳು, ಹದಿನಾರು ಮಾತ್ರ ಎಂದೆ. ಹನ್ನೆರಡು ವರ್ಷ ನುಂಗಿಕೊಂಡದ್ದನ್ನು ಅಷ್ಟು ಜನರ ಮುಂದೆ ಹೇಳಿದೆ. ಅಧಿಕಾರಿ ಪತ್ರವನ್ನೂ ನನ್ನನ್ನೂ ನೋಡಿದರು. ಇದಕ್ಕೆ ಬೇರೆ ಕಾಗದ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ತಾಯಿಯೇ ಹೇಳಲಿ ಎಂದು ಆಕೆಯ ಕಡೆ ತಿರುಗಿದರು.

ಆಕೆ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ, ಸ್ವಲ್ಪ ಮರುಕ ಇತ್ತು.

“ಅಕ್ಕೋರು ಬರದಾರಲ್ರಿ,” ಎಂದಳು. “ನನಗೇನ ತಿಳಿತೈತಿ. ಅವರು ಬರದದ್ದ ಖರೆ.”

ಒಳಬಾಗಿಲ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ. ಅಧಿಕಾರಿ ಪತ್ರವನ್ನು ತಿರುಗಿ ಕೊಟ್ಟು, ತೊಂದರೆ ಕೊಟ್ಟೆವು ಎಂದು ಕೈಮುಗಿದು ಜೀಪಿನ ಕಡೆ ನಡೆದರು. ತಾಯಿ ಅದನ್ನು ಜೋಪಾನವಾಗಿ ಮತ್ತೆ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಊಟ ಮಾಡದೆ ಹೋಗಬಾರದು ಎಂದು ನನ್ನ ಕೈ ಹಿಡಿದು ಒಳಗೆ ಕರೆದಳು.